ಕೊಬ್ಬರಿ ಎಣ್ಣೆ ಅಡುಗೆಗೋ, ತಲೆಗೋ?

ಕೊಬ್ಬರಿ ಎಣ್ಣೆ ಅಡುಗೆಗೋ ತಲೆಗೋ ಎಂದು ಕಂದಿಕೆರೆಯಲ್ಲಿ ಕೇಳಿದರೆ ಜನ ನಕ್ಕಾರು. ಒಗ್ಗರಣೆಗೆ ಕಡಲೆಕಾಯಿ ಎಣ್ಣೆಯೋ ಹುಚ್ಚೆಳ್ಳೆಣ್ಣೆಯೋ ಉಂಟು; ಕೊಬ್ಬರಿ ಎಣ್ಣೆ ಏನಿದ್ದರೂ ತಲೆಗೆ. ಇದೇ ಪ್ರಶ್ನೆಗೆ ಮಂಗಳೂರಿನವರೂ ಕೇರಳದವರೂ ನಗುತ್ತಾರೆ, ಆದರೆ ಅವರ ಉತ್ತರ ಬೇರೆ. ಅದಿಲ್ಲದೆ ಅಲ್ಲಿ ಅಡುಗೆಯೇ ಇಲ್ಲ. ಹೀಗೆ ಎಲ್ಲರೂ ನಗುವ ಈ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯಿತು.

ಕಾರಣ ತೆರಿಗೆ. 1985ರ ಕೇಂದ್ರ ಅಬಕಾರಿ ಸುಂಕದ ಪಟ್ಟಿಯಲ್ಲಿ ಕೊಬ್ಬರಿ ಎಣ್ಣೆ 15ನೇ ಅಧ್ಯಾಯದಲ್ಲಿ, ಎಣ್ಣೆ ಕೊಬ್ಬುಗಳ ಜೊತೆಗಿತ್ತು. ಕೇಶತೈಲವಿದ್ದದ್ದು 33ನೇ ಅಧ್ಯಾಯದಲ್ಲಿ, ಸೌಂದರ್ಯ ಸಾಧನಗಳ ಸಾಲಿನಲ್ಲಿ. ಅಲ್ಲಿ ಸುಂಕ ಹೆಚ್ಚಿತ್ತು. ಬೇರೇನೂ ಬೆರೆಸದ ಶುದ್ಧ ಎಣ್ಣೆಯನ್ನು ಸಣ್ಣ ಬಾಟಲಿಗೆ ತುಂಬಿದರೆ ಅದು ಯಾವ ಅಧ್ಯಾಯಕ್ಕೆ ಸೇರಬೇಕು? ಸಣ್ಣ ಬಾಟಲಿ ತಲೆಗೆಂದೇ ಮಾರಾಟವಾಗುತ್ತದೆ ಎಂಬುದು ಇಲಾಖೆಯ ವಾದ. 200 ಮಿ.ಲೀ.ವರೆಗಿನ ಪ್ಯಾಕನ್ನು ಕೇಶತೈಲವೆಂದು ಎಣಿಸುವ ಸುತ್ತೋಲೆ 2009ರಲ್ಲಿ ಹೊರಟು, 2015ರಲ್ಲಿ ವಾಪಸಾಯಿತು. 2018ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲೇ ಒಮ್ಮತ ಮೂಡಲಿಲ್ಲ. ರಂಜನ್ ಗೊಗೊಯ್ ಅವರು ಖಾದ್ಯತೈಲವೆಂದರು, ಆರ್. ಭಾನುಮತಿ ಅವರು ಕೇಶತೈಲವೆಂದರು.

2024ರ ಡಿಸೆಂಬರ್ 18ರಂದು, ಅಂದಿನ ಮುಖ್ಯ ನ್ಯಾಯಮೂರ್ತಿ ಸಂಜೀವ್ ಖನ್ನಾ ಅವರಿದ್ದ ತ್ರಿಸದಸ್ಯ ಪೀಠ ವಿವಾದವನ್ನು ಮುಗಿಸಿತು. ಅಡುಗೆ ಎಣ್ಣೆಯನ್ನೂ ಸಣ್ಣ ಪ್ಯಾಕಿನಲ್ಲಿ ಕೊಳ್ಳುವವರಿದ್ದಾರೆ. ಬಾಟಲಿ ಚಿಕ್ಕದಾದ ಮಾತ್ರಕ್ಕೆ ಒಳಗಿನ ಎಣ್ಣೆಯ ಜಾತಿ ಕೆಡುವುದಿಲ್ಲ. 33ನೇ ಅಧ್ಯಾಯದ ಟಿಪ್ಪಣಿ ಕೇಳುವಂತೆ, ಇದು ಕೂದಲಿಗೆಂದೇ ಮಾರುವ ಸರಕು ಎಂಬುದನ್ನು ಪ್ಯಾಕು ತೋರಿಸಿದರೆ ಮಾತ್ರ ಅದು ಕೇಶತೈಲ.

ತುಮಕೂರಿನಲ್ಲಿ ಕಾನೂನು ಓದುವ ಕಂದಿಕೆರೆಯ ಹುಡುಗಿಯೊಬ್ಬಳು ರಜೆಗೆ ಬಂದಾಗ ಈ ಕಥೆಯನ್ನು ಅಪ್ಪನಿಗೆ ಹೇಳಿದಳು. ಮಗಳು ವಕೀಲಳಾಗುವುದು ಆತನಿಗೆ ಅಷ್ಟಾಗಿ ಹಿಡಿಸಿರಲಿಲ್ಲ. ಇದ್ದದ್ದನ್ನು ಇಲ್ಲವೆನ್ನಿಸುವ ಬಾಯಿಮಾತಿನ ಕಸುಬಿಗೆ ಇಷ್ಟು ಫೀಜು ಸುರಿಯಬೇಕೇ ಎಂಬ ಅನುಮಾನ.

“ಅಲ್ಲ ಕಣಮ್ಮ, ನಮ್ಮ ಅಜ್ಜೀನ ಕೇಳಿದ್ರೆ ಒಂದೇ ಮಾತಲ್ಲಿ ಹೇಳ್ತಿರಲಿಲ್ವಾ?”

“ಯಾವ ಅಜ್ಜೀನ ಕೇಳೋದಪ್ಪ? ನಮ್ಮಜ್ಜೀನೋ, ಮಂಗಳೂರಿನ ಅಜ್ಜೀನೋ?”

ಅಪ್ಪ ಸುಮ್ಮನಾದ. ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಹೊತ್ತವನಿಗೆ ಹೆಸರಿನ ಬೆಲೆ ಗೊತ್ತು. ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಒಂದು, ಎಣ್ಣೆ ತೆಗೆಯುವ ಕೊಬ್ಬರಿಗೆ ಇನ್ನೊಂದು. ತೆಂಗು ಒಂದೇ ಆದರೂ ಹೆಸರು ಬದಲಾದರೆ ರೊಕ್ಕ ಬದಲಾಗುತ್ತದೆ.

ಹಾಗೆಂದು ಅಜ್ಜಿಯ ಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲವೆಂದಲ್ಲ. ತೆಂಗು ಅಡಿಕೆಯ ತೋಟದಲ್ಲೇ ಹಬ್ಬುವ ವೀಳ್ಯದೆಲೆಯ ಮೇಲೂ ಒಂದು ತೀರ್ಪಿದೆ. ತರಕಾರಿಗೆ ಮಾರಾಟ ತೆರಿಗೆ ಇಲ್ಲ, ಎಲೆಯೂ ಸಸ್ಯವೇ ತಾನೆ ಎಂದು ಅಕೋಲಾದ ಕಡೆಯ ವ್ಯಾಪಾರಿಗಳು ವಾದಿಸಿದರು. 1961ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಕಾಯ್ದೆ ‘ತರಕಾರಿ’ಗೆ ಅರ್ಥ ಹೇಳಿಲ್ಲದಿದ್ದರೆ ಸಸ್ಯಶಾಸ್ತ್ರಕ್ಕೆ ಹೋಗಬೇಕಿಲ್ಲ, ಜನರ ಬಳಕೆಯ ಅರ್ಥ ಸಾಕು ಎಂದಿತು. ತರಕಾರಿ ತಾರೆಂದು ಸಂತೆಗೆ ಕಳಿಸಿದರೆ ಯಾರೂ ಕವಳಿಗೆ ಎಲೆ ತರುವುದಿಲ್ಲ.

ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟರೆ ವಿದ್ಯಾರ್ಥಿಗಳಿಗೆ ಒಂದು ದಾರಿ ಕಾಣುತ್ತದೆ. ಕಾಯ್ದೆ ತಾನೇ ಅರ್ಥ ಹೇಳಿದ್ದರೆ, ಟಿಪ್ಪಣಿ ಕೊಟ್ಟಿದ್ದರೆ, ಮೊದಲು ಅದನ್ನು ಓದಬೇಕು. ಅದು ಮೌನವಾಗಿದ್ದಲ್ಲಿ ಸಂತೆಯ ಮಾತು ಕೇಳಬೇಕು.

ತೀರ್ಪು ಬಂದಾಗ ಜಿ.ಎಸ್.ಟಿ.ಯಲ್ಲಿ ಖಾದ್ಯತೈಲಕ್ಕೆ ಶೇಕಡ 5, ಕೇಶತೈಲಕ್ಕೆ ಶೇಕಡ 18 ಇತ್ತು. 2025ರ ಸೆಪ್ಟೆಂಬರ್ 22ರಿಂದ ಕೇಶತೈಲವೂ ಶೇಕಡ 5ಕ್ಕೆ ಇಳಿಯಿತು. ಜಗಳಕ್ಕೆ ಮೂಲವಾದ ಅಂತರವೇ ಈಗಿಲ್ಲ. ಉಳಿದಿರುವುದು ಓದುವ ಕ್ರಮ.

ಅದರ ಉಪಯೋಗ ಅಪ್ಪನಿಗೂ ಹೊಳೆದಿರಬೇಕು. ಮಗಳು ತುಮಕೂರಿಗೆ ಹೊರಡುವ ಹಿಂದಿನ ರಾತ್ರಿ, ಟ್ರಂಕಿನಿಂದ ಸಾಲದ ಕಾಗದವೊಂದನ್ನು ತೆಗೆದು ಅವಳ ಮುಂದಿಟ್ಟ.

“ರುಜು ಹಾಕಿ ನಾಲ್ಕು ವರ್ಷ ಆಯ್ತು. ಕೆಳಗೆ ಸಣ್ಣಕ್ಷರದಲ್ಲಿ ಏನೋ ಬರೆದವ್ರೆ. ಓದಮ್ಮ, ನಿಧಾನವಾಗಿ.”