ಬಟ್ಟಲು ಕಡೆಯುವವರ ಬೀದಿಯಿಂದ

ಯಾರ್ಕ್, ಇಂಗ್ಲೆಂಡ್
ಭಾನುವಾರ

ಅವ್ವಾ,

ನೀನು ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಆಗಲೇ ಅರ್ಧ ಖಾಲಿ.

ನಿನ್ನೆ ಲೀಡ್ಸಿನಿಂದ ರೈಲು ಹತ್ತಿ ಇಲ್ಲಿಗೆ ಬಂದೆವು. ನಿನ್ನ ಮೊಮ್ಮಗನಿಗೆ ವೈಕಿಂಗರ ಕೊಂಬಿನ ಟೋಪಿ ನೋಡುವ ಹಟ. ಅವರು ಡೆನ್ಮಾರ್ಕ್, ನಾರ್ವೆ ಕಡೆಯಿಂದ ಹಡಗೇರಿ ಬಂದು 866ರಲ್ಲಿ ಈ ಊರು ಹಿಡಿದವರು. ಕೊಂಬಿನ ಟೋಪಿ ಹಾಕುತ್ತಲೇ ಇರಲಿಲ್ಲವಂತೆ! ಪಾಪ, ಮುಖ ಬಾಡಿಹೋಯಿತು.

ನಾವು ನೋಡಲು ಹೋದ ಮ್ಯೂಸಿಯಂ ಹೆಸರು ಯೋರ್ವಿಕ್. ಆಗ ಈ ಊರಿಗೆ ಅದೇ ಹೆಸರು. ಬೀದಿ ಕಾಪರ್‌ಗೇಟ್. ತಾಮ್ರವೂ ಅಲ್ಲ, ಗೇಟೂ ಅಲ್ಲ, ಮರದ ಬಟ್ಟಲು ಕಡೆಯುವವರ ಬೀದಿ ಅಂತ ಅರ್ಥ, ನಮ್ಮಲ್ಲಿ ಕುಂಬಾರ ಓಣಿ ಇದ್ದ ಹಾಗೆ. ಅಂಗಡಿ ಸಾಲು ಕಟ್ಟುವ ಮುಂಚೆ, 1976ರಿಂದ 1981ರವರೆಗೆ ಇಲ್ಲಿ ಅಗೆದರು. ಸುಮಾರು 40,000 ವಸ್ತು ಸಿಕ್ಕವು. 1984ರಲ್ಲಿ ಅದೇ ಜಾಗದಲ್ಲಿ ಮ್ಯೂಸಿಯಂ ತೆರೆದರು.

ನಾನು ಕತ್ತಿ, ಕಿರೀಟ ಅಂದುಕೊಂಡು ಹೋದೆ. ಕಂಡದ್ದು ಒಂದು ಕೇರಿ. ನೆಲದಡಿ ಇಳಿಸಿ, ಪುಟ್ಟ ಗಾಡಿಯಲ್ಲಿ ಕೂರಿಸಿ ಸುತ್ತಿಸುತ್ತಾರೆ. ತಡಿಕೆ ಗೋಡೆಯ ಮನೆ, ಬಟ್ಟಲು ಕಡೆಯುವವನು, ಜಗಳ, ನಾಯಿ. ವಾಸನೆಯನ್ನೂ ಬೇಕೆಂದೇ ಬಿಟ್ಟಿದ್ದಾರೆ: ಹೊಗೆ, ಮೀನು, ಕಕ್ಕಸು ಗುಂಡಿ. ಇವರು ಮೂಗು ಮುಚ್ಚಿಕೊಂಡರು. ನನಗೋ ನಿಟ್ಟುವಳ್ಳಿಯಲ್ಲಿ ನಮ್ಮನೆ ಮುಂದೆ ಚರಂಡಿ ಹೂಳೆತ್ತಿ ಗುಡ್ಡೆ ಹಾಕಿದ್ದು, ನೀನು ಸೆರಗು ಮುಚ್ಚಿಕೊಂಡು ಬೈದದ್ದು ನೆನಪಾಯಿತು.

ಇಷ್ಟೆಲ್ಲ ಉಳಿದದ್ದು ಆ ಕೊಳಕು ಕೆಸರಿನಿಂದಲೇ. ಹಸಿ ಮಣ್ಣಿನೊಳಗೆ ಗಾಳಿಯಾಡದೆ ಮರ, ಚರ್ಮ, ಬಟ್ಟೆ ಯಾವುದೂ ಕೊಳೆತಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗ ರೋಮಿನ ಬೆಳ್ಳಿ ನಾಣ್ಯ ಸಿಕ್ಕವಲ್ಲ, ಆ ನಾಣ್ಯ ಎಣಿಸಿದವನ ಚಪ್ಪಲಿ ಎಲ್ಲಿ ಹೋಯಿತೋ! ಇಲ್ಲಿ ಸವೆದ ಮೆಟ್ಟುಗಳೇ ರಾಶಿ.

ನಿನಗೆ ತೋರಿಸಬೇಕಿತ್ತು ಅನಿಸಿದ್ದು ಒಂದು ಉಣ್ಣೆ ಕಾಲುಚೀಲ. ಎರಡು ಕಡ್ಡಿಯ ಹೆಣಿಗೆಯಲ್ಲ. ಒಂದೇ ಸೂಜಿಯಲ್ಲಿ ಕುಣಿಕೆಯೊಳಗೆ ಕುಣಿಕೆ ತೂರಿಸಿ ಮಾಡಿದ್ದು. ಗಾಜಿಗೆ ಹಣೆ ಹಚ್ಚಿ ನೋಡಿದರೂ ಶುರು ಎಲ್ಲಿ ಅಂತ ನನಗೆ ಸಿಗಲಿಲ್ಲ. ನೀನಾದರೆ ಅಲ್ಲೇ ನಿಂತು ಕಲಿತುಬಿಡುತ್ತಿದ್ದೆ.

ಇನ್ನೊಂದು ಹೇಳಿದರೆ ಬೈಯಬೇಡ. ಒಬ್ಬ ವೈಕಿಂಗನ ಮಲವನ್ನೂ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಹೆಚ್ಚುಕಡಿಮೆ ಗೇಣುದ್ದ! 1972ರಲ್ಲಿ ಇದೇ ಊರಲ್ಲಿ ಬ್ಯಾಂಕು ಕಟ್ಟುವ ಜಾಗದಲ್ಲಿ ಸಿಕ್ಕಿದ್ದಂತೆ. ಅವನ ಊಟ ಹೆಚ್ಚಾಗಿ ಮಾಂಸ, ಬ್ರೆಡ್ಡು. ಹೊಟ್ಟೆ ತುಂಬ ಜಂತುಹುಳು. ಅದನ್ನು ಓದಿ ಹೇಳಿದ್ದೇ ತಡ, ನಿನ್ನ ಮೊಮ್ಮಗ ಎಲ್ಲರಿಗೂ ಕೇಳುವಂತೆ ಕೇಳಿದ:

"ಇವನಿಗೆ ಅವರಜ್ಜಿ ಹರಳೆಣ್ಣೆ ಕುಡಿಸ್ತಿರ್ಲಿಲ್ವಾ?"

ನಿನ್ನ ಮಗಳು