ಎಡಗಾಲಿನ ಕೆಲಸ

ಕಾರು ಓಡಿಸುವವರ ಬಲಗಾಲಿಗೆ ಎರಡು ಕೆಲಸ, ಎಡಗಾಲಿಗೆ ಒಂದೇ. ಆ ಒಂದನ್ನೂ ನೆಟ್ಟಗೆ ಮಾಡುವ ಎಡಗಾಲು ನಮ್ಮ ಮನೆತನದಲ್ಲಿ ಹುಟ್ಟಿಲ್ಲವೆಂದು ತೀರ್ಥಹಳ್ಳಿಯ ಮೇಸ್ತ್ರಿಯೊಬ್ಬರು ತೀರ್ಪು ಕೊಟ್ಟಿದ್ದರು. ಯಾರ ಮುಖ ನೋಡಿಯೂ ಕೊಟ್ಟ ತೀರ್ಪಲ್ಲ ಅದು. ಬಿಚ್ಚಿಟ್ಟ ಫ್ಲೈವೀಲ್ ನೋಡಿ ಕೊಟ್ಟದ್ದು.

ನಮ್ಮದು ಸೆಕೆಂಡ್ ಹ್ಯಾಂಡ್ ಮಾರುತಿ 800. ಮೂರು ಸಿಲಿಂಡರು, 796 ಸಿಸಿ, 12 ಇಂಚಿನ ಚಕ್ರ. 1983ರಲ್ಲಿ ಗುರ್ಗಾಂವ್‌ನಲ್ಲಿ ಆ ಕಾರು ಮಾಡಲು ಹೊರಟವರ ಮನಸ್ಸಿನಲ್ಲಿದ್ದದ್ದು ನಾಲ್ಕು ಜನರ ಚಿಕ್ಕ ಸಂಸಾರ. ಅಡಿಕೆ ತೋಟದ ಮನೆಯ ಲೆಕ್ಕ ಅವರಿಗೇನು ಗೊತ್ತು! ಉಡುಪಿಯ ನೆಂಟರ ಮನೆಯಿಂದ ಹೊರಟರೆ ಹಿಂದಿನ ಸೀಟಿನಲ್ಲಿ ಅತ್ತೆ, ಚಿಕ್ಕಮ್ಮ, ಅವರ ಮಕ್ಕಳು, ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲ, ಸಂದಿಯಲ್ಲೆಲ್ಲ ಮಟ್ಟುಗುಳ್ಳ. ಇಷ್ಟನ್ನೂ ಹೊತ್ತುಕೊಂಡು ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವು ಹತ್ತಬೇಕು. ತಿರುವಿಗೆ ಬಂದೆವೆಂದರೆ ಮೇಲಿಂದ ಬಸ್ಸು. ಅಪ್ಪಯ್ಯನಿಗೆ ಹ್ಯಾಂಡ್ ಬ್ರೇಕಿನ ಮೇಲೆ ನಂಬಿಕೆಯಿಲ್ಲ. ಹಾಫ್ ಕ್ಲಚ್ಚಿನಲ್ಲಿ ಆಕ್ಸಿಲರೇಟರ್ ಒತ್ತಿಕೊಂಡು, ಕಾರು ಹಿಂದಕ್ಕೂ ಜಾರದೆ ಮುಂದಕ್ಕೂ ಹೋಗದೆ ನಿಲ್ಲುವಂತೆ ಮಾಡುವುದು ಅವರ ಹೆಮ್ಮೆಯ ವಿದ್ಯೆ. ಅಷ್ಟರಲ್ಲಿ ಎಲ್ಲಿಂದಲೋ ಸುಟ್ಟ ವಾಸನೆ ಬರುತ್ತಿತ್ತು. “ಬಸ್ಸಿನ ಬ್ರೇಕಿಂದು” ಎನ್ನುತ್ತಿದ್ದರು.

ಬಸ್ಸಿನದಲ್ಲ. ಎಂಜಿನ್ನಿನ ಬೆನ್ನಿಗೆ ಬೋಲ್ಟು ಬಿಗಿದು ಕೂರಿಸಿದ ಬೀಡುಕಬ್ಬಿಣದ ಗಾಲಿಯೇ ಫ್ಲೈವೀಲ್. ಅದರ ಮುಖಕ್ಕೆ ಕ್ಲಚ್ ಪ್ಲೇಟನ್ನು ಪ್ರೆಶರ್ ಪ್ಲೇಟಿನ ಸ್ಪ್ರಿಂಗು ಅದುಮಿ ಹಿಡಿದಿರುತ್ತದೆ. ಪೆಡಲ್ ತುಳಿದರೆ ಹಿಡಿತ ಸಡಿಲ, ಕಾಲು ತೆಗೆದರೆ ಬಿಗಿ. ಪೂರ್ತಿ ಬಿಟ್ಟಿದ್ದಾಗ ಸವೆತವಿಲ್ಲ, ಪೂರ್ತಿ ಕಚ್ಚಿದ್ದಾಗಲೂ ಇಲ್ಲ. ಸವೆಯುವುದೆಲ್ಲ ನಡುವಿನ ಉಜ್ಜಾಟದಲ್ಲಿ. ಅಪ್ಪಯ್ಯನ ವಾಸವೆಲ್ಲ ಆ ನಡುವಿನಲ್ಲೇ.

ಪ್ಲೇಟು ಸವೆದ ಹಾಗೆಲ್ಲ ಪೆಡಲ್ ಮೇಲೆ ಮೇಲೆ ಬಂದು ಕಚ್ಚುತ್ತದೆ. ಮೇಸ್ತ್ರಿ ಕೇಬಲ್ಲಿನ ನಟ್ಟು ಎರಡು ಸುತ್ತು ತಿರುವಿ, “ಗೇರ್ ಬಾಕ್ಸ್ ಇಳಿಸ್ಬೇಕಾಗ್ತದೆ ಗೌಡ್ರೇ” ಎನ್ನುವರು. “ಕೊನೆಕೊಯ್ಲು ಮುಗೀಲಿ” ಎನ್ನುವರು ಅಪ್ಪಯ್ಯ. ಕೊಯ್ಲು ಮುಗಿದ ಮೇಲೆ ಅಡಿಕೆಗೆ ರೇಟು ಬರಲಿ. ರೇಟು ಬಂದ ಮೇಲೆ ಮಳೆಗಾಲ ಕಳೆಯಲಿ. ಕಡೆಗೆ ತಿರುವಲು ನಟ್ಟಿನಲ್ಲಿ ಮರೆ ಉಳಿಯಲಿಲ್ಲ. ಒಂದು ಬೆಳಿಗ್ಗೆ ಕುಶಾವತಿ ಸೇತುವೆಯ ಹತ್ತಿರ ಎಂಜಿನ್ನು ಭೋರೆಂದು ಕಿರುಚುತ್ತಿದ್ದರೂ ನಮ್ಮನ್ನು ಸೈಕಲ್ಲಿನವನೊಬ್ಬ ಹಿಂದೆ ಹಾಕಿಕೊಂಡು ಹೋದ. ಹೋಗುವಾಗ ತಿರುಗಿ ನೋಡಿದ್ದನ್ನು ಅಪ್ಪಯ್ಯ ಬಹಳ ದಿನ ಮನಸ್ಸಿಗೆ ಹಚ್ಚಿಕೊಂಡಿದ್ದರು.

ಗೇರ್ ಬಾಕ್ಸ್ ಇಳಿಯಿತು. ಪ್ಲೇಟಿನ ಮೇಲೆ ಲೈನಿಂಗ್ ಎಂಬುದೇ ಇರಲಿಲ್ಲ. ರಿವೆಟ್ಟುಗಳ ತಲೆ ಹೊರಬಿದ್ದು ಫ್ಲೈವೀಲನ್ನು ಗೀರಿ ಹಾಕಿದ್ದವು. ಮೇಸ್ತ್ರಿ ಹಳೆ ಬನಿಯನ್ನಿನ ಚೂರಿನಿಂದ ಅದನ್ನು ಒರೆಸಿ ಬಾಗಿಲ ಬೆಳಕಿಗೆ ಹಿಡಿದರು. ನುಣುಪಾಗಿರಬೇಕಾದ ಮುಖದ ಸುತ್ತ ಗೆರೆಗಳು, ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಆಳ. ಅಲ್ಲಲ್ಲಿ ನೀಲಿ, ನೇರಳೆ ಕಲೆ. ಕಲೆಗಳೊಳಗೆ ಕೂದಲೆಳೆಯಷ್ಟು ಬಿರುಕು. ಹಸ್ತರೇಖೆ ನೋಡುವವರ ಗಾಂಭೀರ್ಯದಲ್ಲಿ ಅವರು ಬೆರಳಿಟ್ಟು ತೋರಿಸಿದರು. “ಈ ಗೆರೆ ರಿವೆಟ್ಟಿಂದು. ಈ ನೀಲಿ ಇದೆಯಲ್ಲ, ಇದು ಆಗುಂಬೆ. ಎಡಗಾಲು ಪೆಡಲ್ ಮೇಲೇ ಇಟ್ಕಂಡು ಓಡಿಸೋದು ಯಾರು?”

ಅಪ್ಪಯ್ಯ ನನ್ನ ಕಡೆ ನೋಡಿದರು. ನಾನು ಚಿಕ್ಕಪ್ಪನ ಹೆಸರು ಹೇಳಿದೆ. ಚಿಕ್ಕಪ್ಪ ಅಲ್ಲಿರಲಿಲ್ಲವಾದ್ದರಿಂದ ಕೆಲಹೊತ್ತು ಎಲ್ಲರೂ ಒಪ್ಪಿದೆವು.

ಮುಂದಿನ ಪ್ರಶ್ನೆ, ಹೊಸ ಫ್ಲೈವೀಲೋ, ಹಳೆಯದಕ್ಕೇ ಫೇಸಿಂಗೋ. ಬಿರುಕು ಆಳಕ್ಕಿಳಿದಿದ್ದರೆ ಮಾತೇ ಇಲ್ಲ, ಎಸೆಯಬೇಕು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬೀಡು ಒಡೆದರೆ ಹೌಸಿಂಗ್ ಸೀಳಿಕೊಂಡು ಕಾಲ ಬುಡಕ್ಕೇ ಬರುತ್ತದೆ. ನಮ್ಮದು ಮೇಲುಮೇಲಿನ ಬಿರುಕು. “ಮುಖ ತೆಗೆಸಿದ್ರೆ ಸಾಕು” ಎಂದರು ಮೇಸ್ತ್ರಿ. ಕೆಡದ ಕಬ್ಬಿಣಕ್ಕೆ ಎರಡನೇ ಸಲ ದುಡ್ಡು ಕೊಡುವ ಪೈಕಿ ಅಪ್ಪಯ್ಯ ಅಲ್ಲ. ಗೋಣಿಚೀಲದಲ್ಲಿ ಸುತ್ತಿ, ನನ್ನ ತೊಡೆಯ ಮೇಲಿಟ್ಟು, ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಒಯ್ದೆವು.

ಲೇತಿನವನು ಅದನ್ನು ಚಕ್ಕಿನ ದವಡೆಗಳ ನಡುವೆ ಕಚ್ಚಿಸಿ, ಡಯಲ್ ಗೇಜಿನ ಮುಳ್ಳು ಅಲುಗದೆ ನಿಲ್ಲುವ ತನಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಟ್ಟಿ ಕೂರಿಸಿದ. ಕೂರಿಸುವುದಕ್ಕೇ ಹೊತ್ತು ಹಿಡಿದದ್ದು, ಕೊರೆಯುವುದಕ್ಕಲ್ಲ. ಉಕ್ಕಾದರೆ ಸುರುಳಿ ಸುರುಳಿ ಸಿಪ್ಪೆ ಏಳುತ್ತದೆ. ಬೀಡು ಹಾಗಲ್ಲ, ಬೂದುಬಣ್ಣದ ಪುಡಿಯಾಗಿ ಉದುರುತ್ತದೆ. ಉಳಿ ನೀಲಿ ಕಲೆಯ ಮೇಲೆ ಹಾಯುವಾಗಲೆಲ್ಲ ಟಿಕ್ ಎಂದು ಎಗರುತ್ತಿತ್ತು. ಅತಿ ಕಾವು ತಿಂದ ಕಡೆ ಬೀಡು ಗಡುಸಾಗಿಬಿಡುತ್ತದಂತೆ, ಉಳಿಗೆ ಜಗ್ಗುವುದಿಲ್ಲ. “ಇಲ್ಲಿ ಕಲ್ಲೇ ಹಾಕ್ಬೇಕು” ಎಂದು ಗ್ರೈಂಡಿಂಗ್ ಮಿಷನ್ನಿಗೆ ಏರಿಸಿದ. ಆಗುಂಬೆ ಅಷ್ಟು ಸುಲಭಕ್ಕೆ ಹೋಗಲಿಲ್ಲ.

“ಎಷ್ಟು ಹೋಯ್ತು?” ಎಂದು ಅಪ್ಪಯ್ಯ ಕೇಳಿದರು. ಅರ್ಧ ಎಂಎಂ ಕೂಡ ಇಲ್ಲ ಎಂದ ಅವನು. ನಮ್ಮಜ್ಜಿಯನ್ನು ಮಣಿಪಾಲದ ಆಸ್ಪತ್ರೆಗೆ ಒಯ್ದದ್ದು, ಅಕ್ಕನ ದಿಬ್ಬಣ, ವರ್ಷ ತಪ್ಪದ ಕೊಲ್ಲೂರು, ಹೊಂಡದಲ್ಲಿ ಹೂತುಕೊಂಡು ರಾತ್ರಿಯೆಲ್ಲ ಚಕ್ರ ತಿರುಗಿಸಿದ್ದು, ಎಲ್ಲ ಸೇರಿ ಅಷ್ಟೇ. ಅಪ್ಪಯ್ಯ ಬೆಂಚಿನ ಮೇಲಿನ ಪುಡಿಯನ್ನು ಬೆರಳಲ್ಲಿ ಮುಟ್ಟಿ ನೋಡಿ, ಪಂಚೆಗೆ ಒರೆಸಿಕೊಂಡರು. ಆ ಕಲೆಗೆ ಅಮ್ಮ ಬೈದದ್ದು ಬೇರೆ.

ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರೂ ಹೊಸದು ಬಂದವು. ಹಳೆ ಗೇರ್ ಬಾಕ್ಸ್ ಶಾಫ್ಟೊಂದನ್ನು ತೂರಿಸಿ ಪ್ಲೇಟನ್ನು ನಡುಮಧ್ಯಕ್ಕೆ ತಂದು, ಎದುರುಬದುರಿನ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದರು. ಎಲ್ಲ ಸರಿಯಾಯಿತು, ಅಪ್ಪಯ್ಯನೊಬ್ಬರನ್ನು ಬಿಟ್ಟು. ಹೊಸ ಕ್ಲಚ್ಚು ಬುಡದಲ್ಲೇ ಕಚ್ಚುತ್ತದೆ. ಇವರ ಕಾಲು ಅಷ್ಟು ವರ್ಷ ಮೇಲೆಲ್ಲೋ ಕಾದು ರೂಢಿಯಾದದ್ದು. ಗ್ಯಾರೇಜಿನ ಗೇಟಿನಲ್ಲೇ ಕಾರು ಕುಪ್ಪಳಿಸಿ ಕುಪ್ಪಳಿಸಿ ಆಫ್ ಆಯಿತು. “ಕ್ಲಚ್ ಹೊಸದು ಗೌಡ್ರೇ, ಕಾಲು ಹಳೇದು” ಎಂದರು ಮೇಸ್ತ್ರಿ.

2014ರ ಜನವರಿಯಲ್ಲಿ ಮಾರುತಿ 800ರ ತಯಾರಿಕೆ ನಿಂತಿತು, ಮೇ ತಿಂಗಳಲ್ಲಿ ಉತ್ತರಪಾರಾದ ಅಂಬಾಸಿಡರಿನದೂ. ಅದೇ ವರ್ಷ ಬಂದ ಸೆಲೆರಿಯೋದಲ್ಲಿ ಕ್ಲಚ್ ಪೆಡಲ್ಲೇ ಇಲ್ಲದ್ದೂ ಒಂದಿತ್ತು. ಒಳಗೆ ಪ್ಲೇಟೂ ಇದೆ, ಫ್ಲೈವೀಲೂ ಇದೆ, ತುಳಿಯುವ ಕೆಲಸ ಮಾತ್ರ ಯಂತ್ರದ್ದು. ಅಷ್ಟಾದರೆ ಅಪ್ಪಯ್ಯ ಒಪ್ಪುತ್ತಿದ್ದರೋ ಏನೋ. ಅವರಿಗೆ ತಡೆಯಲಾಗದ್ದು ಭಾವನ ಡೀಸೆಲ್ ಕಾರಿನ ಸಂಗತಿ. ಅದರ ಫ್ಲೈವೀಲು ಎರಡು ಹೋಳಿನದು, ಹೋಳುಗಳ ನಡುವೆ ಸ್ಪ್ರಿಂಗು, ಗಡಗಡ ಅದುರುವುದನ್ನು ನುಂಗಲಿಕ್ಕೆ. ಆ ಸ್ಪ್ರಿಂಗು ಸೋತರೆ ಮುಖ ತೆಗೆಸಿ ಪ್ರಯೋಜನವಿಲ್ಲ, ಇಡೀ ಗಾಲಿಯನ್ನೇ ಬದಲಿಸಬೇಕು. ಬಿಲ್ಲು ನೋಡಿ ಭಾವ ಸುಮ್ಮನಾದರು, ಅಪ್ಪಯ್ಯ ಆಗಲಿಲ್ಲ.

“ಎಸೆಯೋದಾ? ಇಷ್ಟು ಭಾರದ್ದನ್ನ? ಎಂಥ ಮಾರಾಯಾ!” ಎಂದು ಹಳೆಯದನ್ನು ಭಾವನ ಕೈಯಲ್ಲೇ ಹೊರಿಸಿ ತಂದು ಕೊಟ್ಟಿಗೆಯ ಅಟ್ಟಕ್ಕೆ ಹಾಕಿಸಿದ್ದಾರೆ.

“ಯಾವುದಕ್ಕೆ?” ಎಂದರು ಅಮ್ಮ.

“ಬೇಕಾಗ್ತದೆ.”

“ಅದೇ, ಯಾವುದಕ್ಕೆ?”