ನಾದದ ನಿಗ್ರಹ

ನಾದವನ್ನು ಹುಟ್ಟಿಸುವ ವಿದ್ಯೆಯನ್ನು ಲೋಕವು ಬಹಳವಾಗಿ ಕೊಂಡಾಡುತ್ತದೆ. ಹುಟ್ಟಿದ ನಾದವನ್ನು ತಕ್ಕ ಕಾಲದಲ್ಲಿ ಅಡಗಿಸುವ ವಿದ್ಯೆಯೂ ಒಂದುಂಟೆಂಬುದು ಅನೇಕರ ಲಕ್ಷ್ಯಕ್ಕೆ ಬರುವುದಿಲ್ಲ. ದೇವಾಲಯದ ಘಂಟೆಯನ್ನು ಒಮ್ಮೆ ಬಾರಿಸಿದರೆ ಅದರ ಅನುರಣನವು ಎಷ್ಟು ಹೊತ್ತು ನಿಂತರೆ ಅಷ್ಟೂ ಶ್ರೇಷ್ಠವೆಂದು ಎಣಿಸುವುದು ವಾಡಿಕೆ. ಮೃದಂಗದ ಪಾಡು ಹಾಗಲ್ಲ. ಅದು ಕಾಲವನ್ನು ಅಳೆದು ತೋರಿಸಬೇಕಾದ ವಾದ್ಯ. ಒಂದು ಅಕ್ಷರದ ನಾದವು ಮುಂದಿನ ಅಕ್ಷರದ ಸ್ಥಳವನ್ನು ಆಕ್ರಮಿಸಿದರೆ ಜತಿಯು ಕದಡಿದ ನೀರಿನಂತಾಗುತ್ತದೆ. ಹಾಗೆಂದು ಅನುರಣನವನ್ನು ಪೂರ್ತಿಯಾಗಿ ಕೊಂದುಬಿಟ್ಟರೆ ಉಳಿಯುವುದು ಹಲಗೆಯನ್ನು ತಟ್ಟಿದ ಸದ್ದು ಮಾತ್ರ. ಇವೆರಡರ ನಡುವೆ ನಾದವನ್ನು ನೆಲೆಗೊಳಿಸುವುದರಲ್ಲಿಯೇ ಚರ್ಮವಾದ್ಯವನ್ನು ಕಟ್ಟುವವನ ಮತ್ತು ನುಡಿಸುವವನ ಜಾಣ್ಮೆಯೆಲ್ಲ ಅಡಗಿದೆ.

ಚರ್ಮವು ಸ್ವಭಾವತಃ ಒರಟು ನುಡಿಯುಳ್ಳದ್ದು. ವೀಣೆಯ ತಂತಿಯನ್ನು ಮೀಟಿದಾಗ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಕಂಪನಗಳು ಏಳುತ್ತವೆ. ಅವು ಒಂದರೊಡನೊಂದು ಹೊಂದಿಕೊಳ್ಳುವುದರಿಂದ ಕಿವಿಗೆ ಒಂದೇ ಸ್ವರವೆಂಬ ಸುಖವುಂಟಾಗುತ್ತದೆ. ಸಮನಾಗಿ ಬಿಗಿದ ಬರಿಯ ಚರ್ಮದಲ್ಲಿ ಹಾಗಾಗುವುದಿಲ್ಲ. ಅದರ ಮೂಲಕಂಪನವನ್ನು 1 ಎಂದಿಟ್ಟುಕೊಂಡರೆ ಮೇಲಣ ಕಂಪನಗಳು 1.59, 2.14, 2.30, 2.65, 2.92 ಎಂಬ ಒಡಕು ಪ್ರಮಾಣಗಳಲ್ಲಿರುತ್ತವೆ. ಒಂದೇ ಮನೆಯಲ್ಲಿದ್ದು ಒಬ್ಬರ ಮಾತು ಒಬ್ಬರಿಗೆ ಹಿಡಿಸದ ದಾಯಾದಿಗಳಂತೆ ಇವು ಏಕಕಾಲದಲ್ಲಿ ಕೂಗಿಕೊಳ್ಳುವುದರಿಂದಲೇ ಡೋಲು ನಗಾರಿಗಳಲ್ಲಿ ಗದ್ದಲವು ಹೆಚ್ಚು, ಸ್ವರವು ಕಡಿಮೆ. ಹೊಡೆತವು ಮುಗಿದ ಮೇಲೂ ಕಿವಿಯಲ್ಲಿ ಗುಂಯ್‌ಗುಡುತ್ತ ನಿಲ್ಲುವ ಆ ಬೇಡದ ಶೇಷವನ್ನು ಹೇಗೆ ಪಳಗಿಸಬೇಕೆಂಬುದು ಹೊಸ ಪ್ರಶ್ನೆಯಲ್ಲ.

ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಪುಷ್ಕರವಾದ್ಯಗಳ ಅಧ್ಯಾಯವನ್ನು ಓದಿದವರಿಗೆ ಸ್ವಾತಿಮುನಿಯ ಕಥೆಯು ತಿಳಿದೇ ಇದೆ. ಮಳೆಗಾಲದಲ್ಲಿ ಕೊಳಕ್ಕೆ ಹೋದ ಆ ಮುನಿಯು ತಾವರೆಯ ಎಲೆಗಳ ಮೇಲೆ ಬೀಳುವ ಹನಿಗಳ ಬಗೆಬಗೆಯ ದನಿಗಳನ್ನು ಕೇಳಿ, ಆಶ್ರಮಕ್ಕೆ ಮರಳಿ, ವಿಶ್ವಕರ್ಮನ ನೆರವಿನಿಂದ ವಾದ್ಯಗಳನ್ನು ನಿರ್ಮಿಸಿದನಂತೆ. ಕಥೆಯು ರಮ್ಯವಾದುದು. ಆದರೆ ಅದರ ಮುಂದೆ ಬರುವ ವಿಧಿಗಳು ಕಥೆಗಿಂತ ಹೆಚ್ಚು ಬೆಲೆಯುಳ್ಳವು. ವಾದ್ಯದ ಮುಖಕ್ಕೆ ಮಣ್ಣನ್ನು ಲೇಪಿಸಿ ಶ್ರುತಿಗೆ ತರುವ ಕ್ರಮಕ್ಕೆ ಅಲ್ಲಿ ಮಾರ್ಜನೆಯೆಂದು ಹೆಸರು; ಮಾಯೂರೀ, ಅರ್ಧಮಾಯೂರೀ, ಕಾರ್ಮಾರವೀ ಎಂದು ಅದರಲ್ಲಿ ಮೂರು ಭೇದಗಳು. ಮಣ್ಣಾದರೂ ಸಿಕ್ಕಿದ ಮಣ್ಣಾಗಕೂಡದು. ನದೀತೀರದ ಕಪ್ಪುಮಣ್ಣಾಗಿರಬೇಕು; ಅದರಲ್ಲಿ ಕಲ್ಲು, ಮರಳು, ಹುಲ್ಲು, ಹೊಟ್ಟುಗಳು ಸೇರಿರಬಾರದು. ಅಂಥದು ದೊರೆಯದಿದ್ದರೆ ಗೋದಿಯ ಅಥವಾ ಜವೆಯ ಹಿಟ್ಟನ್ನು ಬಳಸಬಹುದೆಂದು ಹೇಳಿ, ಹಿಟ್ಟಿನಿಂದ ಶಬ್ದವು ಏಕರೂಪವಾಗಿಬಿಡುವುದೆಂಬ ದೋಷವನ್ನೂ ಶಾಸ್ತ್ರಕಾರನು ಮರೆಯದೆ ಎತ್ತಿ ತೋರಿಸಿದ್ದಾನೆ. ಲೇಪದ ಪದಾರ್ಥವನ್ನು ಆರಿಸುವಾಗ ಯಾವುದರಿಂದ ಏನು ಲಾಭ, ಏನು ನಷ್ಟ ಎಂದು ತೂಗಿ ನೋಡಿದ ಕಿವಿ ಅದು. ಉತ್ತರದೇಶದ ಪಖವಾಜಿನ ಎಡಮುಖಕ್ಕೆ ಇಂದಿಗೂ ಗೋದಿಯ ಕಣಕವನ್ನು ಹಚ್ಚುವುದನ್ನು ಕಂಡರೆ, ಆ ಪಾಠವು ಗ್ರಂಥದಲ್ಲಿ ಮಾತ್ರ ಉಳಿದಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ದಕ್ಷಿಣದ ಮೃದಂಗದಲ್ಲಿ ಈ ಕಲೆಯು ಮತ್ತಷ್ಟು ಸೂಕ್ಷ್ಮವಾಗಿದೆ. ಹಲಸಿನ ಮರವನ್ನು ಕೊರೆದು ಮಾಡಿದ ಒಡಲಿನ ಬಲಗಡೆಯಲ್ಲಿ ಚರ್ಮದ ಹಲವು ಪದರಗಳಿರುತ್ತವೆ. ನಡುವಣ ಪೂರ್ಣಪದರದ ಮೇಲೆ ಅಂಚಿನ ಸುತ್ತ ಮಾತ್ರ ಬಳೆಯಂತೆ ಕತ್ತರಿಸಿದ ಇನ್ನೊಂದು ಪದರವು ಕೂತಿರುತ್ತದೆ. ಮಧ್ಯದಲ್ಲಿ ಕಾಣುವ ಕಪ್ಪು ವೃತ್ತವೇ ಕರಣೆ. ಅನ್ನದ ಗಂಜಿಯೊಡನೆ ಕಬ್ಬಿಣದ ಅಂಶವುಳ್ಳ ಕಲ್ಲಿನ ನುಣುಪಾದ ಪುಡಿಯನ್ನು ಅರೆದು, ತೆಳುವಾಗಿ ಒಂದು ಪದರವನ್ನು ಹಚ್ಚಿ, ಅದು ಒಣಗುವವರೆಗೆ ನುಣ್ಣನೆಯ ಕಲ್ಲಿನಿಂದ ಉಜ್ಜಿ, ಅದರ ಮೇಲೆ ಮತ್ತೊಂದು ಪದರವನ್ನು ಹಚ್ಚಿ, ಹೀಗೆ ಬಹಳ ಹೊತ್ತು ತಾಳ್ಮೆಯಿಂದ ಅದನ್ನು ಬೆಳೆಸುತ್ತಾರೆ. ಉಜ್ಜುವಾಗ ಕರಣೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಅವು ದೋಷಗಳೆಂದು ತಿಳಿಯದವರು ಎಣಿಸಿಯಾರು. ಆ ಬಿರುಕುಗಳಿಲ್ಲದಿದ್ದರೆ ಕರಣೆಯು ಬಿಲ್ಲೆಯಂತೆ ಸೆಟೆದುಕೊಂಡು ಚರ್ಮವನ್ನು ಅಲುಗಲು ಬಿಡದು.

ಈ ಕಪ್ಪುಬೊಟ್ಟಿನ ರಹಸ್ಯವನ್ನು ವಿಜ್ಞಾನದ ಕಣ್ಣಿನಿಂದ ನೋಡಿದವರು ಚಂದ್ರಶೇಖರ ವೆಂಕಟರಾಮನ್ನರು. ಕಲ್ಕತ್ತೆಯಲ್ಲಿದ್ದಾಗ, 1920ರಲ್ಲಿಯೇ, ಸಹೋದ್ಯೋಗಿಯೊಬ್ಬರೊಡನೆ ಈ ವಿಷಯವಾಗಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ, 1934ರಲ್ಲಿ, ತಾವೇ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲಿ ಅದನ್ನು ವಿಸ್ತರಿಸಿದರು. ಮುಚ್ಚಿಗೆಯ ಮೇಲೆ ನಯವಾದ ಮರಳನ್ನು ಉದುರಿಸಿ ಬಾರಿಸಿದರೆ, ಅಲುಗದ ರೇಖೆಗಳಲ್ಲಿ ಮರಳು ನಿಲ್ಲುತ್ತದೆ. ಅದರಿಂದ ಕಂಪನದ ಆಕೃತಿಯು ಕಣ್ಣಿಗೆ ಕಾಣುತ್ತದೆ. ಕರಣೆಯ ಭಾರದಿಂದ ಚರ್ಮದ ಒಂಬತ್ತು ಬಗೆಯ ಕಂಪನಗಳು ಐದೇ ಸ್ವರಾಂಶಗಳಾಗಿ ಗುಂಪುಗೂಡಿ, 1, 2, 3, 4, 5 ಎಂಬ ಕ್ರಮಕ್ಕೆ ಬಂದು ನಿಲ್ಲುತ್ತವೆಂದು ರಾಮನ್ನರು ತೋರಿಸಿದರು. ಅದಕ್ಕೂ ಮೇಲೆ ಏಳುವ ಕಿರಿಕಿರಿಯ ಕಂಪನಗಳನ್ನು ಅಂಚಿನ ಚರ್ಮದ ಬಳೆಯು ಹೀರಿಕೊಳ್ಳುತ್ತದೆ. ಎಂದರೆ, ಮೃದಂಗದ ಬಲಗಡೆಯಲ್ಲಿ ಎರಡು ಬಗೆಯ ನಿಗ್ರಹವಿದೆ: ಮಧ್ಯದಲ್ಲಿ ಹೊಂದಿಸುವ ಭಾರ, ಅಂಚಿನಲ್ಲಿ ಅಡಗಿಸುವ ಬಳೆ. ಒಂದು ಸಾಧುವಾದುದನ್ನು ಸೇರಿಸುತ್ತದೆ. ಇನ್ನೊಂದು ಅಸಾಧುವಾದುದನ್ನು ತಡೆಯುತ್ತದೆ.

ಎಡಗಡೆಯ ಕ್ರಮವು ಬೇರೆ. ಅಲ್ಲಿ ಶಾಶ್ವತವಾದ ಕರಣೆಯಿಲ್ಲ. ಕಛೇರಿಗೆ ಮುಂಚೆ ರವೆಯನ್ನು ನೀರಿನಲ್ಲಿ ಕಲಸಿ, ಚರ್ಮದ ನಡುವೆ ಬಿಲ್ಲೆಯಾಗಿ ತಟ್ಟುತ್ತಾರೆ. ಕಛೇರಿ ಮುಗಿದೊಡನೆ ಅದನ್ನು ಕೆರೆದು ತೆಗೆಯುತ್ತಾರೆ. ರವೆಯು ಕಡಿಮೆಯಾದರೆ ಎಡವು ಬೋಳು ದನಿಯಿಂದ ಅರಚುತ್ತದೆ; ಹೆಚ್ಚಾದರೆ ಶ್ರುತಿಯು ಕುಸಿದು ನಾದವು ಮಣ್ಣಾಗುತ್ತದೆ. ಸೆಕೆಯಿಂದಲೋ ದೀಪಗಳ ಬಿಸಿಯಿಂದಲೋ ಅದು ಒಣಗಿದರೆ ನಡುವೆಯೇ ಉದುರುವುದೂ ಉಂಟು. ಈಚೆಗೆ ರವೆಗೆ ಬದಲಾಗಿ ಕೃತಕವಾದ ಅಂಟುಗಳನ್ನು ಹಚ್ಚುವವರೂ ಇದ್ದಾರೆ. ಅದರಿಂದ ನಿತ್ಯದ ಶ್ರಮವು ತಪ್ಪುತ್ತದೆ. ಆದರೆ ಆ ದಿನದ ಹವೆಗೂ ಆ ದಿನದ ಶ್ರುತಿಗೂ ತಕ್ಕಂತೆ ಒಂದು ಚಿಟಿಕೆ ಸೇರಿಸುವ, ಒಂದು ಚಿಟಿಕೆ ತೆಗೆಯುವ ಸ್ವಾತಂತ್ರ್ಯವು ಕುಗ್ಗುತ್ತದೆ.

ಕೆಲವು ದಶಕಗಳ ಹಿಂದೆ ಕಾವೇರೀತೀರದ ಒಂದು ಊರಿನಲ್ಲಿ ನಡೆದ ಸಂಗತಿಯಿಂದ ಈ ವಿಷಯವು ವಿಶದವಾದೀತು. ರಾಮನವಮಿಯ ಕಛೇರಿಗೆ ಮೊದಲ ಬಾರಿ ಕೂರಬೇಕಾಗಿದ್ದ ಒಬ್ಬ ಹುಡುಗನಿಗೆ ತನ್ನ ಮೃದಂಗದ ಎಡವು ನಡುಗುದನಿಯಿಂದ ಗುಂಯ್‌ಗುಟ್ಟುತ್ತಿದ್ದುದು ದೊಡ್ಡ ಚಿಂತೆಯಾಯಿತು. ಅವನು ರವೆಯ ಮೇಲೆ ರವೆಯನ್ನು ಹಚ್ಚಿದನು. ಗುಂಯ್‌ಗುಟ್ಟುವುದು ನಿಂತಿತು, ಅದರೊಡನೆ ನಾದವೂ ನಿಂತಿತು. ಗುರುಗಳು ಬಂದು ಒಂದೇ ಒಂದು ತಟ್ಟು ತಟ್ಟಿ ನೋಡಿದರು.

“ಏನಪ್ಪಾ, ಇದೇನು ಮೃದಂಗವೋ, ಉಪ್ಪಿಟ್ಟಿನ ಪಾತ್ರೆಯೋ?” ಎಂದರು.

“ಬಹಳ ಗುಂಯ್‌ ಅನ್ನುತ್ತಿತ್ತು, ಗುರುಗಳೆ.”

“ಅನ್ನುವುದು ಯಾಕೆ ಅಂತ ಕೇಳಿದೆಯಾ? ಕೇಳದೆ ಬಾಯಿ ಮುಚ್ಚಿಸಿಬಿಟ್ಟೆ. ಎಲ್ಲ ಕೆರೆದು ಹಾಕು. ಕಟ್ಟುವವರ ಹತ್ತಿರ ತೆಗೆದುಕೊಂಡು ಹೋಗು.”

ಮೃದಂಗವನ್ನು ಕಟ್ಟುವ ಮುದುಕನ ಮನೆಯು ಊರ ಹೊರಗಿತ್ತು. ಅವನು ಮುಚ್ಚಿಗೆಯ ಸುತ್ತ ಬೆರಳಾಡಿಸಿದನು. ಅಂಚಿನ ಒಂದೊಂದು ಸ್ಥಳದಲ್ಲಿ ಮೆಲ್ಲಗೆ ತಟ್ಟಿ ಕಿವಿಗೊಟ್ಟನು. ಒಂದು ಮಗ್ಗುಲಲ್ಲಿ ಬಾರು ಸಡಿಲಿ ಬಿಗಿತವು ಸಮವಾಗಿರಲಿಲ್ಲ. ಒಂದೇ ಚರ್ಮವು ಎರಡು ಶ್ರುತಿಗಳನ್ನು ನುಡಿಯುತ್ತಿದ್ದುದರಿಂದಲೇ ಆ ನಡುಕ. ಬಾರುಗಳನ್ನು ಎಳೆದು ಸಮಗೊಳಿಸಿದ ಮೇಲೆ ನಿಂಬೆಯ ಹಣ್ಣಿನಷ್ಟು ರವೆಯೇ ಸಾಕಾಯಿತು. “ನಿಮಗೆ ಹೇಗೆ ಗೊತ್ತಾಯಿತು?” ಎಂದು ಹುಡುಗನು ಬೆರಗಾಗಿ ಕೇಳಿದಾಗ, “ಕೈಯಿಟ್ಟರೆ ಅದೇ ಹೇಳ್ತದೆ, ಸ್ವಾಮಿ” ಎಂದಷ್ಟೇ ಆ ಮುದುಕನು ಹೇಳಿದನು. ರಾಮನವಮಿಯ ರಾತ್ರಿ ಕಛೇರಿಯು ಚೆನ್ನಾಗಿಯೇ ನಡೆಯಿತು. ಹುಡುಗನನ್ನೂ ಗುರುಗಳನ್ನೂ ಎಲ್ಲರೂ ಹೊಗಳಿದರು. ಮುದುಕನು ಪೆಂಡಾಲಿನ ಹೊರಗೆ, ಚಪ್ಪಲಿಗಳನ್ನು ಬಿಡುವ ಕಡೆಯಲ್ಲಿ ನಿಂತು ಕೇಳಿ, ಮಂಗಳಕ್ಕೆ ಮುಂಚೆಯೇ ಹೊರಟುಹೋದನು.

ಆ ಗುರುಗಳ ಮಾತಿನಲ್ಲಿದ್ದ ತತ್ತ್ವವು ಯಾವ ದೇಶದ ಚರ್ಮವಾದ್ಯಕ್ಕೂ ಒಪ್ಪುತ್ತದೆ. ಪಾಶ್ಚಾತ್ಯರ ಡ್ರಮ್ಮುಗಳಲ್ಲಿ ಅನುರಣನವನ್ನು ತಗ್ಗಿಸಲು ಬಗೆಬಗೆಯ ಉಪಕರಣಗಳು ಅಂಗಡಿಯಲ್ಲಿಯೇ ಸಿಗುತ್ತವೆ: ಮುಚ್ಚಿಗೆಗೆ ಅಂಟಿಸುವ ಮೆತ್ತನೆಯ ಜೆಲ್ ಬಿಲ್ಲೆಗಳು, ಅಂಚಿನ ಮೇಲೆ ಇಡುವ ತೆಳುವಾದ ಪ್ಲಾಸ್ಟಿಕ್ ಬಳೆಗಳು, ಉಣ್ಣೆಯ ಪಟ್ಟಿಗಳು, ದೊಡ್ಡ ಡ್ರಮ್ಮಿನ ಹೊಟ್ಟೆಯೊಳಗೆ ಇಡುವ ದಿಂಬು ಕಂಬಳಿಗಳು. ಬೀಟಲ್ಸ್ ತಂಡದ ರಿಂಗೋ ಸ್ಟಾರ್ 1960ರ ದಶಕದ ಕೊನೆಯಲ್ಲಿ ಪಾತ್ರೆ ಒರೆಸುವ ವಸ್ತ್ರಗಳನ್ನೇ ಡ್ರಮ್ಮುಗಳ ಮೇಲೆ ಹೊದಿಸಿ ಧ್ವನಿಮುದ್ರಣ ಮಾಡಿದ್ದುಂಟು. ಶವಯಾತ್ರೆಗಳಲ್ಲಿ ಡ್ರಮ್ಮಿಗೆ ಕರಿಯ ಬಟ್ಟೆಯನ್ನು ಮುಚ್ಚಿ ದನಿಯನ್ನು ಕುಗ್ಗಿಸುವ ಪದ್ಧತಿಯು ಅದಕ್ಕಿಂತ ಹಳೆಯದು. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದಕ್ಕಿಂತ, ಆರಿಸುವ ಮೊದಲು ಏನು ಮಾಡಬೇಕೆಂಬುದು ಮುಖ್ಯ. ಮೊದಲು ಸುತ್ತಲೂ ಬಿಗಿತವನ್ನು ಸಮಗೊಳಿಸಿ ಶ್ರುತಿಗೆ ತರಬೇಕು. ಹಳಸಿದ ಮುಚ್ಚಿಗೆಯಿದ್ದರೆ ಬದಲಾಯಿಸಬೇಕು. ಆಮೇಲೂ ಉಳಿಯುವ ಶೇಷಕ್ಕೆ ಎಲ್ಲಕ್ಕಿಂತ ಸಣ್ಣ ಬಿಲ್ಲೆಯನ್ನು ಎಲ್ಲಕ್ಕಿಂತ ಅಂಚಿನಲ್ಲಿಟ್ಟು ನೋಡಬೇಕು. ಮೂಲಕಂಪನವು ಚರ್ಮದ ನಡುವೆ ಹೆಚ್ಚಾಗಿಯೂ ಅಂಚಿನಲ್ಲಿ ಅಲ್ಪವಾಗಿಯೂ ಆಡುತ್ತದೆ. ಆದುದರಿಂದ ಅಂಚಿನ ಬಿಲ್ಲೆಯು ಮೇಲಣ ಕಿರುಚನ್ನು ತಡೆದು ಮೂಲವನ್ನು ಬದುಕಿಸುತ್ತದೆ. ನಡುವಿಗೆ ಸರಿಸಿದಷ್ಟೂ ಮೂಲವೇ ಸಾಯುತ್ತದೆ. ಕಡೆಯದಾಗಿ, ದೂರದಲ್ಲಿ ಒಬ್ಬರನ್ನು ನಿಲ್ಲಿಸಿ ಕೇಳಿಸಬೇಕು. ಬಾರಿಸುವವನ ಕಿವಿಗೆ ಪೀಡೆಯಾಗುವ ಗುಂಜಾರವವು ಸಭೆಯ ಕೊನೆಯ ಸಾಲಿಗೆ ತಲಪುವಷ್ಟರಲ್ಲಿ ಇತರ ವಾದ್ಯಗಳ ನಡುವೆ ಕರಗಿ, ತುಂಬಿದ ನಾದವಾಗಿಯೇ ಕೇಳಬಹುದು.

ಮೃದಂಗದಲ್ಲಂತೂ ಎಲ್ಲ ಉಪಕರಣಗಳಿಗಿಂತ ಶ್ರೇಷ್ಠವಾದುದು ಬೆರಳೇ. ‘ದೀಂ’ ಎಂದು ಬಿಡುನಾದವನ್ನು ಹೊರಡಿಸುವಾಗ ಬೆರಳುಗಳು ಚರ್ಮವನ್ನು ಮುಟ್ಟಿ ಮುಟ್ಟದಂತೆ ಮೇಲೆದ್ದುಬಿಡುತ್ತವೆ. ‘ನಂ’ ಎಂಬಲ್ಲಿ ತೋರುಬೆರಳು ಅಂಚನ್ನು ಬಾರಿಸುವಾಗ ಉಂಗುರದ ಬೆರಳು ಕರಣೆಯ ಅಂಚಿನ ಮೇಲೆ ಹಗುರವಾಗಿ ನಿಂತಿರುತ್ತದೆ. ಆ ಲಘುಸ್ಪರ್ಶದಿಂದ ಮೂಲಕಂಪನವು ಅಡಗಿ ಮೇಲಣ ಸ್ವರಾಂಶವು ಉಜ್ಜ್ವಲವಾಗಿ ಕೇಳುತ್ತದೆ. ಇನ್ನು ಅನುರಣನವನ್ನು ತಡೆಯುವುದಕ್ಕೆ ಬದಲಾಗಿ ಬೇಕೆಂದೇ ಬೆಳೆಸುವ ಉಪಾಯವೂ ಒಂದುಂಟು. ಬಲಗಡೆಯ ಪದರಗಳ ನಡುವೆ ಸಣ್ಣ ಕಡ್ಡಿಗಳನ್ನು ಸುತ್ತಲೂ ಸೇರಿಸಿದರೆ ನಾದಕ್ಕೆ ಒಂದು ಝೇಂಕಾರವು ಬರುತ್ತದೆ; ಅಂಥದನ್ನು ಕುಚ್ಚಿ ಮೃದಂಗವೆಂದೂ, ಕಡ್ಡಿಗೆ ಬದಲು ಸಣ್ಣ ಕಲ್ಲಿನ ಹರಳುಗಳಿದ್ದರೆ ಕಪ್ಪಿ ಮೃದಂಗವೆಂದೂ ಕರೆಯುತ್ತಾರೆ. ಯಾವುದು ದೋಷ, ಯಾವುದು ಗುಣವೆಂಬುದು ಪದಾರ್ಥದಲ್ಲಿಲ್ಲ, ಪ್ರಮಾಣದಲ್ಲಿದೆ.

ಆ ಪ್ರಮಾಣವನ್ನು ಬಲ್ಲವರಾರೆಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಶ್ಲೋಕವನ್ನು ಬಲ್ಲವರು ಶ್ಲೋಕವನ್ನು ಕಾಪಾಡಿದರು. ಜತಿಯನ್ನು ಬಲ್ಲವರು ಜತಿಯನ್ನು ಕಾಪಾಡಿದರು. ಆದರೆ ಯಾವ ಚರ್ಮವು ಎಷ್ಟು ದಪ್ಪವಿದ್ದರೆ ಯಾವ ಶ್ರುತಿಗೆ ನಿಲ್ಲುತ್ತದೆ, ಕರಣೆಯನ್ನು ಎಲ್ಲಿ ನಿಲ್ಲಿಸಬೇಕು, ಬಾರನ್ನು ಎಷ್ಟು ಎಳೆಯಬೇಕು ಎಂಬ ಜ್ಞಾನವು ಆಡು, ಹಸು, ಎಮ್ಮೆಗಳ ಹಸಿಚರ್ಮವನ್ನು ಮುಟ್ಟಿ ಹದಮಾಡಿದ ಕೈಗಳಲ್ಲಿ ಬೆಳೆಯಿತು. ವಾದ್ಯವನ್ನು ಪೂಜೆಯ ಪೀಠಕ್ಕೆ ಏರಿಸಿದ ಸಮಾಜವು ಆ ಕೈಗಳನ್ನು ಹೊಸ್ತಿಲಿನ ಹೊರಗೇ ನಿಲ್ಲಿಸಿತು. ಪಾಲಘಾಟ್ ಮಣಿ ಅಯ್ಯರವರ ಮೃದಂಗದ ನಾದವನ್ನು ಕೊಂಡಾಡದ ರಸಿಕರಿಲ್ಲ. ಅವರಿಗಾಗಿ ಮೃದಂಗಗಳನ್ನು ಕಟ್ಟಿದ ಪರಲಾಂದುವಿನ ಹೆಸರನ್ನು ಬಲ್ಲ ರಸಿಕರು ವಿರಳ. ತಮಿಳುನಾಡಿನ ಗಾಯಕರಾದ ಟಿ. ಎಂ. ಕೃಷ್ಣರವರು 2020ರಲ್ಲಿ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಗ್ರಂಥದಲ್ಲಿ ಇಂಥ ಕುಶಲಿಗಳ ಚರಿತ್ರೆಯನ್ನು ಬರೆದ ಮೇಲೆ, ಹಲವರಿಗೆ ಅವರ ಹೆಸರುಗಳು ಮೊದಲ ಬಾರಿಗೆ ಕಿವಿಗೆ ಬಿದ್ದವು. ನಾದದಲ್ಲಿ ಬೇಡದ ಅಂಶವನ್ನು ಅಡಗಿಸುವುದು ವಿದ್ಯೆ. ವಿದ್ಯಾವಂತನ ಹೆಸರನ್ನೇ ಅಡಗಿಸುವುದು ವಿದ್ಯೆಯಲ್ಲ.

ಚರ್ಮಕ್ಕೆ ಬದಲಾಗಿ ಕೃತಕಪದರಗಳನ್ನು ಹೊದಿಸಿದ ಮೃದಂಗಗಳೂ ಈಗ ಬೆಂಗಳೂರಿನಲ್ಲಿ ಸಿದ್ಧವಾಗಿವೆ. ಅವುಗಳಿಂದ ಅನುಕೂಲವುಂಟು, ನಿಂದಿಸಲು ಕಾರಣವಿಲ್ಲ. ಆದರೆ ಅವುಗಳನ್ನು ಮಾಡಿದವರೂ ಹಿಡಿಯಬೇಕಾದ ಗುರಿಯು ಹಳೆಯ ಚರ್ಮದ ನಾದವೇ ಆಗಿದೆ. ಆ ಗುರಿಯನ್ನು ನಿಲ್ಲಿಸಿಕೊಟ್ಟ ಮನೆತನಗಳ ಮಕ್ಕಳು, ಗೌರವವೂ ಆದಾಯವೂ ಸಾಲದೆ ಕೆಲಸವನ್ನು ಬಿಟ್ಟುಹೋದರೆ, ಹೋಲಿಸಿ ನೋಡುವುದಕ್ಕೆ ಮಾತೃಕೆಯೇ ಉಳಿಯದು. ಆದುದರಿಂದ ಮಕ್ಕಳಿಗೆ ಮೃದಂಗವನ್ನು ಕಲಿಸುವ ಮನೆಗಳು ಪಾಠದ ಮೊದಲ ವರ್ಷದಲ್ಲಿಯೇ ಅವರನ್ನು ಕಟ್ಟುವವರ ಅಂಗಳಕ್ಕೆ ಕಳುಹಿಸಿ, ಕರಣೆ ಹಚ್ಚುವುದನ್ನು ಕುಳಿತು ನೋಡುವಂತೆ ಮಾಡುವುದು ಒಳ್ಳೆಯದು. ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಬೇಕು. ಕಛೇರಿಯ ಕರೆಯೋಲೆಯಲ್ಲಿ ಹಾಡುವವರ, ನುಡಿಸುವವರ ಹೆಸರುಗಳ ಕೆಳಗೆ ವಾದ್ಯವನ್ನು ಕಟ್ಟಿದವರ ಹೆಸರನ್ನೂ ಅಚ್ಚುಹಾಕಿಸಬೇಕು. ಅವರಿಗಾಗಿ ಮೊದಲ ಸಾಲಿನಲ್ಲಿ ಒಂದು ಆಸನವನ್ನು ಇರಿಸಬೇಕು. ಇದಕ್ಕೆ ಹೆಚ್ಚಿನ ವೆಚ್ಚವೇನೂ ತಗುಲದು.